ಹೊಸಿಲಾಚೆ ಎರಡನೇ ಹೆಜ್ಜೆ

ಡ್ರೈವಿಂಗ್ ಕಲಿಯಬೇಕು ಅಂತ ನಿಮಗೆ ಎಷ್ಟು ವರ್ಷದಿಂದ ಆಸೆ? ಇಂಗ್ಲಿಷ್ ಮಾತನಾಡುವ ತರಗತಿಗೆ ಸೇರಬೇಕು, ಅರ್ಧಕ್ಕೆ ನಿಂತ ಡಿಗ್ರಿ ಮುಗಿಸಬೇಕು, ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿನಲ್ಲಿ ಎದ್ದು ನಿಂತು ನೀರಿನ ಸಮಸ್ಯೆ ಬಗ್ಗೆ ನಾಲ್ಕು ಮಾತು ಆಡಬೇಕು ಅಂತ? ಆಸೆ ಇದೆ. ಆದರೆ ಬೆಳಗಾದರೆ ತಿಂಡಿ, ಡಬ್ಬಿ, ಸ್ಕೂಲ್ ವ್ಯಾನು, ಪಾತ್ರೆ, ಬಟ್ಟೆ. ಇಷ್ಟು ವಯಸ್ಸಾದ ಮೇಲೆ ಇದೆಲ್ಲಾ ಯಾಕೆ, ಯಾರಾದರೂ ನಕ್ಕರೆ ಅಂತ ಅನ್ನಿಸಿ ಆಸೆ ಮತ್ತೆ ಅಟ್ಟ ಸೇರುತ್ತದೆ. ಹೌದಲ್ವಾ?

ಇದಕ್ಕೆ ಈಗಿನವರು ಕಂಫರ್ಟ್ ಝೋನ್ ಅಂತ ಹೆಸರಿಟ್ಟಿದ್ದಾರೆ. ಹೆಸರು ಕೇಳಿದರೆ ಅದೇನೋ ಮೆತ್ತನೆಯ ಸೋಫಾ ಅನ್ನಿಸುತ್ತದೆ. ಆದರೆ ಗೃಹಿಣಿಯರ ಪಾಲಿಗೆ ಅದು ಆರಾಮದ ಜಾಗವೇನೂ ಅಲ್ಲ. ಅಲ್ಲಿ ದುಡಿಮೆ ಇದೆ, ಬೇಸರ ಇದೆ. ಆದರೂ ಅದನ್ನು ಬಿಟ್ಟು ಹೊರಬರಲು ಹೆದರಿಕೆ. ಇದ್ದ ಹಾಗೇ ಇದ್ದರೆ ಯಾರೂ ಏನೂ ಅನ್ನುವುದಿಲ್ಲ, ಮನೆಯಲ್ಲಿ ಶಾಂತಿ ಇರುತ್ತದೆ. ಆ ಶಾಂತಿ ಕದಡುವ ಭಯವೇ ನಮ್ಮ ಕಾಲಿಗೆ ತೊಡರು.

ಈ ತೊಡರನ್ನು ನೂರೈವತ್ತು ವರ್ಷದ ಹಿಂದೆ ದಾಟಿದ ಒಬ್ಬ ಗೃಹಿಣಿಯ ಕಥೆ ಕೇಳಿ. ಅವರು ರಮಾಬಾಯಿ ರಾನಡೆ. ನಮ್ಮ ಪಕ್ಕದ ಮಹಾರಾಷ್ಟ್ರದವರು. 1962ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತ್ತು. ಅವರ ಬದುಕು ಮರಾಠಿಯಲ್ಲಿ ಟೀವಿ ಧಾರಾವಾಹಿಯಾಗಿಯೂ ಬಂದಿದೆ. ಆದರೆ ಶುರುವಿನಲ್ಲಿ ಅವರು ಅಕ್ಷರ ಬಾರದ ಹನ್ನೊಂದು ವರ್ಷದ ಸೊಸೆ, ಅಷ್ಟೇ.

ಸ್ಲೇಟು ಹಿಡಿದ ಸೊಸೆ

ಈಗಿನ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಅನ್ನುವ ಹಳ್ಳಿಯ ಕುರ್ಲೇಕರ್ ಮನೆತನದ ಹುಡುಗಿ ಯಮುನಾ. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಓದಿಸುವ ಪದ್ಧತಿ ಇರಲಿಲ್ಲ. 1873ರಲ್ಲಿ ಅವಳ ಮದುವೆಯಾಯಿತು. ವರ ಮಹಾದೇವ ಗೋವಿಂದ ರಾನಡೆ. ಮೂವತ್ತು ದಾಟಿದವರು, ದೊಡ್ಡ ವಿದ್ವಾಂಸರು, ಪುಣೆಯಲ್ಲಿ ನ್ಯಾಯಾಧೀಶರು. ಮೊದಲ ಹೆಂಡತಿ ಆಗಷ್ಟೇ ತೀರಿಕೊಂಡಿದ್ದರು. ವಿಧವಾ ವಿವಾಹದ ಪರ ಮಾತನಾಡುತ್ತಿದ್ದ ಅವರು ತಾವೂ ವಿಧವೆಯನ್ನೇ ಮದುವೆಯಾಗುತ್ತಾರೆ ಅಂತ ಸ್ನೇಹಿತರೆಲ್ಲ ಕಾಯುತ್ತಿದ್ದರು. ಆದರೆ ತಂದೆಯ ಹಟಕ್ಕೆ ಮಣಿದು ಈ ಪುಟ್ಟ ಹುಡುಗಿಗೆ ತಾಳಿ ಕಟ್ಟಿದರು. ಊರೆಲ್ಲ ಆಡಿಕೊಂಡಿತು. ಯಮುನಾ ರಮಾ ಆದಳು.

ಹುಡುಗಿಯನ್ನು ಕಳಿಸಿಕೊಡುವಾಗ ಅವಳ ತಂದೆ ಒಂದು ಬುದ್ಧಿಮಾತು ಹೇಳಿದ್ದರು. ಹೋಗುತ್ತಿರುವುದು ದೊಡ್ಡ ಕುಟುಂಬಕ್ಕೆ, ಯಾರು ಏನೇ ಅಂದರೂ ಸಹಿಸಿಕೊಳ್ಳಬೇಕು, ಗಂಡನ ಕಿವಿಗೆ ಚಾಡಿ ಹಾಕಬಾರದು ಅಂತ. ಆ ಮಾತನ್ನು ಅವರು ಎಷ್ಟು ವರ್ಷ ಪಾಲಿಸಬೇಕಾಯಿತೋ!

ಗಂಡ ಮಾತ್ರ ಬೇರೆಯೇ ಥರದವರು. ಮದುವೆಯಾದ ಹೊಸತರಲ್ಲೇ ಸ್ಲೇಟು, ಬಳಪ ತಂದು ಅಕ್ಷರ ತಿದ್ದಿಸಲು ಕೂತರು. ಹಗಲೆಲ್ಲ ಕೋರ್ಟು, ರಾತ್ರಿ ಹೆಂಡತಿಗೆ ಪಾಠ. ಮೊದಲು ಮರಾಠಿ, ಆಮೇಲೆ ಇಂಗ್ಲಿಷ್. ಹೊರಗಿನ ಶಿಕ್ಷಕಿಯರನ್ನೂ ಗೊತ್ತು ಮಾಡಿದರು. ಎಂಥಾ ಅದೃಷ್ಟ ಅಂತ ನಿಮಗನ್ನಿಸಬಹುದು. ಅದೃಷ್ಟವೇ ಸರಿ. ಆದರೆ ದಿನವಿಡೀ ಆ ಹುಡುಗಿ ಇರಬೇಕಾಗಿದ್ದದ್ದು ಗಂಡನ ಜೊತೆ ಅಲ್ಲ, ಒಳಮನೆಯ ಹೆಂಗಸರ ಜೊತೆ. ಅತ್ತೆ, ನಾದಿನಿ, ದೂರದ ಸಂಬಂಧದ ಹಿರಿಯರು. ಅವರಿಗೆ ಈ ಓದು ಕಣ್ಣಿಗೆ ಬಿದ್ದ ಕಸ.

ಒಳಮನೆಯ ಮಾತುಗಳು

ಅವರು ಹೊಡೆಯಲಿಲ್ಲ, ಪುಸ್ತಕ ಹರಿದು ಬಿಸಾಡಲಿಲ್ಲ. ಮಾತಿನಲ್ಲೇ ಚುಚ್ಚಿದರು. ಹಿರಿಯರ ಮರ್ಯಾದೆ ಕಳೆಯುತ್ತಿದ್ದಾಳೆ ಅಂದರು. ಕೆಲವು ಹಿರಿಯ ಹೆಂಗಸರು ಬಲು ಪ್ರೀತಿಯಿಂದ ಉಪಾಯವನ್ನೂ ಹೇಳಿಕೊಟ್ಟರು. ಗಂಡಸರು ಹೇಳಿದ್ದನ್ನೆಲ್ಲ ಹೆಂಗಸರು ಕಿವಿಗೆ ಹಾಕಿಕೊಳ್ಳಬಾರದು, ಸುಮ್ಮನೆ ಇದ್ದುಬಿಟ್ಟರೆ ಅವರೇ ಬೇಸತ್ತು ಕೈಬಿಡುತ್ತಾರೆ ಅಂತ.

ಈ ಉಪಾಯವನ್ನು ಸ್ವಲ್ಪ ಯೋಚಿಸಿ ನೋಡಿ. ಅದರಲ್ಲಿ ಬೈಗುಳ ಇಲ್ಲ, ಶಾಪ ಇಲ್ಲ. ನಮ್ಮ ಹಾಗೇ ಇದ್ದುಬಿಡು, ನಿನಗೂ ಸುಖ ನಮಗೂ ಸುಖ ಅನ್ನುವ ಕರೆ ಇದೆ. ನಿಮ್ಮನ್ನೂ ಹೀಗೇ ಯಾರಾದರೂ ಪ್ರೀತಿಯಿಂದಲೇ ತಡೆದಿರಬಹುದು. ಡ್ರೈವಿಂಗ್ ಯಾಕೆ, ಆಟೋ ಸಿಗುತ್ತಲ್ಲ. ಕೆಲಸ ಯಾಕೆ, ಮನೆಯಲ್ಲಿ ಏನು ಕಡಿಮೆಯಾಗಿದೆ. ಎದುರು ನಿಂತು ಬೈದವರಿಗೆ ಉತ್ತರ ಕೊಡಬಹುದು, ಹೀಗೆ ತಲೆ ಸವರಿ ಕೂರಿಸುವವರಿಗೆ ಉತ್ತರ ಕೊಡುವುದು ಕಷ್ಟ.

ರಮಾಬಾಯಿ ಎದುರು ವಾದಿಸಲಿಲ್ಲ. ಅಡುಗೆಮನೆ ಕೆಲಸ ಬಿಡಲಿಲ್ಲ, ಓದನ್ನೂ ಬಿಡಲಿಲ್ಲ. ವಿದೇಶಿ ಮಿಷನರಿ ಮಹಿಳೆಯೊಬ್ಬರು ಇಂಗ್ಲಿಷ್ ಕಲಿಸಲು ಬರತೊಡಗಿದಾಗ ಮಡಿ-ಮೈಲಿಗೆಯ ರಂಪವೇ ಆಯಿತು. ಆಗಲೂ ಪಾಠ ನಿಲ್ಲಲಿಲ್ಲ.

1878ರಲ್ಲಿ ರಾನಡೆಯವರಿಗೆ ನಾಸಿಕಕ್ಕೆ ವರ್ಗವಾಯಿತು. ಅಲ್ಲಿನ ಹೈಸ್ಕೂಲಿನ ಸಮಾರಂಭಕ್ಕೆ ರಮಾಬಾಯಿ ಮುಖ್ಯ ಅತಿಥಿ! ಜೀವನದಲ್ಲಿ ಮೊದಲ ಬಾರಿಗೆ ಸಭೆಯ ಮುಂದೆ ನಿಂತರು. ಆ ಭಾಷಣ ಬರೆದುಕೊಟ್ಟದ್ದು ಗಂಡ. ಇದನ್ನು ಮುಚ್ಚಿಡಬೇಕಾಗಿಲ್ಲ. ಮೊದಲ ಸಲ ಸೈಕಲ್ ಕಲಿಯುವಾಗ ಹಿಂದಿನಿಂದ ಯಾರೋ ಹಿಡಿದುಕೊಂಡಿರುತ್ತಾರಲ್ಲ, ಹಾಗೆ. ಸಹಾಯ ತೆಗೆದುಕೊಂಡು ಶುರು ಮಾಡುವುದರಲ್ಲಿ ಅವಮಾನ ಇಲ್ಲ.

1882ರಲ್ಲಿ ಪುಣೆಗೆ ಪಂಡಿತಾ ರಮಾಬಾಯಿ ಬಂದರು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ, ಸಂಸ್ಕೃತ ಅರೆದು ಕುಡಿದ ವಿದುಷಿ ಅವರು. ಹೆಂಗಸರಿಗಾಗಿಯೇ ಆರ್ಯ ಮಹಿಳಾ ಸಮಾಜ ಕಟ್ಟಿದರು. ರಮಾಬಾಯಿ ರಾನಡೆ ಆ ಸಭೆಗಳಿಗೆ ಹೋಗತೊಡಗಿದರು. ಊರಿನ ಸಂಪ್ರದಾಯಸ್ಥರ ಕಣ್ಣು ಕೆಂಪಾಯಿತು, ಮನೆಯಲ್ಲೂ ಬಿಸಿ ಏರಿತು.

ಅದೇ ವರ್ಷಗಳಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೊಂದು ಹೈಸ್ಕೂಲು ಬೇಕು ಅನ್ನುವ ಬೇಡಿಕೆ ಎದ್ದಿತ್ತು. ಮುಂಬಯಿ ಗವರ್ನರ್ ಬಂದಿದ್ದ ಸಭೆಯಲ್ಲಿ ಆ ಮನವಿಯನ್ನು ಇಂಗ್ಲಿಷಿನಲ್ಲಿ ಓದಿದವರು ರಮಾಬಾಯಿ. ತುಂಬಿದ ಸಭೆ, ಪರಭಾಷೆ, ಇಪ್ಪತ್ತರ ಆಸುಪಾಸಿನ ಹೆಂಗಸು. ಸಭೆ ಮೆಚ್ಚಿತು. ಮನೆಗೆ ಬಂದಾಗ ಕಾದಿದ್ದದ್ದು ಮತ್ತದೇ ಕೊಂಕು, ಬಿಗಿದ ಮುಖಗಳು. ಆದರೆ ಆ ಹೈಸ್ಕೂಲು 1884ರಲ್ಲಿ ಶುರುವಾಯಿತು. ಹುಜೂರ್‌ಪಾಗಾ ಅಂತ ಹೆಸರಾದ ಆ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳು ಎಷ್ಟೋ ತಲೆಮಾರು.

ಕೈಹಿಡಿದವರು ಇಲ್ಲವಾದಾಗ

1893ರಲ್ಲಿ ರಾನಡೆ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಮುಂಬಯಿಯಲ್ಲಿ ರಮಾಬಾಯಿ ಹೆಂಗಸರಿಗೆ ಭಾಷೆ, ಸಾಮಾನ್ಯ ಜ್ಞಾನ, ಹೊಲಿಗೆ, ಕೈಕೆಲಸದ ತರಗತಿ ನಡೆಸಿದರು. ಹೆಸರು ಬಂತು. ಇಷ್ಟಾದರೂ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬಹುದು. ಇದೆಲ್ಲ ಗಂಡನ ಬೆಂಬಲದಿಂದ ಆದದ್ದಲ್ವಾ? ಅಕ್ಷರ ಕಲಿಸಿದ್ದು ಅವರು, ಭಾಷಣ ಬರೆದುಕೊಟ್ಟದ್ದು ಅವರು. ನಮ್ಮ ಮನೆಯಲ್ಲಿ ಅಂಥವರು ಇಲ್ಲದಿದ್ದರೆ?

ನ್ಯಾಯವಾದ ಪ್ರಶ್ನೆ. ರಮಾಬಾಯಿಯವರ ಕಥೆಯ ಮುಖ್ಯ ಭಾಗ ಇರುವುದೂ ಇಲ್ಲೇ. 1901ರ ಜನವರಿ 16ರಂದು ರಾನಡೆ ತೀರಿಕೊಂಡರು. ರಮಾಬಾಯಿಗೆ ಆಗ ನಲವತ್ತರ ಹತ್ತಿರ. ಇಪ್ಪತ್ತೇಳು ವರ್ಷ ಹಿಂದಿನಿಂದ ಹಿಡಿದಿದ್ದ ಕೈ ಇಲ್ಲವಾಯಿತು. ಮುಂಬಯಿ ಬಿಟ್ಟು ಪುಣೆಯ ಹಳೆಯ ಮನೆಗೆ ಬಂದರು. ಸುಮಾರು ಒಂದು ವರ್ಷ ಯಾವ ಕೆಲಸಕ್ಕೂ ಹೊರಗೆ ಬರಲಿಲ್ಲ.

ಅವರು ಹಾಗೇ ಉಳಿದಿದ್ದರೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಆ ಕಾಲದಲ್ಲಿ ವಿಧವೆ ಮೂಲೆ ಹಿಡಿಯುವುದೇ ಸರಿ ಅಂತ ಎಲ್ಲರ ಭಾವನೆ. ಅವತ್ತು ಅವರನ್ನು ಹೊರಗೆ ಹೋಗು ಅಂತ ಒತ್ತಾಯಿಸುವವರು ಯಾರೂ ಮನೆಯಲ್ಲಿ ಇರಲಿಲ್ಲ. ಮೊದಲ ಹೆಜ್ಜೆ ಗಂಡ ಇಡಿಸಿದ್ದು. ಈ ಎರಡನೇ ಹೆಜ್ಜೆಯನ್ನು ಅವರೇ ಇಡಬೇಕಿತ್ತು. ಇಟ್ಟರು.

ಹೋದದ್ದು ಎಲ್ಲಿಗೆ ಗೊತ್ತಾ? ಜೈಲಿಗೆ. ಜೈಲಿನ ಹೆಂಗಸರ ವಿಭಾಗಕ್ಕೆ ಹೋಗಿ ಕೈದಿಗಳ ಜೊತೆ ಕೂತು ಮಾತನಾಡುತ್ತಿದ್ದರು. ಆಸ್ಪತ್ರೆಗೆ ಹಣ್ಣು, ಹೂವು, ಪುಸ್ತಕ ಹಿಡಿದು ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಹೆಸರಾಂತ ನ್ಯಾಯಮೂರ್ತಿಯ ಪತ್ನಿಗೆ ಇದು ಬೇಕಿತ್ತೇ ಅಂತ ಅಂದವರೂ ಇದ್ದಿರಬಹುದು. 1904ರಲ್ಲಿ ಮುಂಬಯಿಯಲ್ಲಿ ಭಾರತ ಮಹಿಳಾ ಪರಿಷತ್ತಿನ ಮೊದಲ ಅಧಿವೇಶನ ನಡೆದಾಗ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ರಮಾಬಾಯಿ. ಈ ಸಲ ಭಾಷಣ ಬರೆದುಕೊಡಲು ಗಂಡ ಇರಲಿಲ್ಲ.

1908ರಲ್ಲಿ ಬೆಹರಾಮ್‌ಜಿ ಮಲಬಾರಿ ಮತ್ತು ದಯಾರಾಮ್ ಗಿದುಮಲ್ ಮುಂಬಯಿಯಲ್ಲಿ ಸೇವಾ ಸದನ ಶುರು ಮಾಡುವಾಗ ರಮಾಬಾಯಿಯವರನ್ನು ಮುಂದೆ ನಿಲ್ಲಿಸಿದರು. ಮರುವರ್ಷ, 1909ರಲ್ಲಿ, ಗೋಪಾಲ ಕೃಷ್ಣ ದೇವಧರ್ ಅವರ ಜೊತೆಗೂಡಿ ಪುಣೆ ಸೇವಾ ಸದನ ಆರಂಭಿಸಿದರು. ಎಲ್ಲಿ? ತಮ್ಮದೇ ಮನೆಯಲ್ಲಿ. ಯಾವ ಮನೆಯೊಳಗೆ ಪುಸ್ತಕ ಹಿಡಿದದ್ದಕ್ಕೆ ಮಾತು ಕೇಳಬೇಕಾಗಿತ್ತೋ ಆ ಮನೆತನದ ಅಂಗಳಕ್ಕೆ ಊರ ಹೆಂಗಸರು ಪಾಟಿ ಪುಸ್ತಕ ಹಿಡಿದು ಬರತೊಡಗಿದರು.

ಅಲ್ಲಿ ಓದು-ಬರಹ, ಹೊಲಿಗೆ, ಶಿಕ್ಷಕಿಯರ ತರಬೇತಿ ಇತ್ತು. ಎಲ್ಲಕ್ಕಿಂತ ಗಟ್ಟಿ ಹೆಜ್ಜೆ ನರ್ಸಿಂಗ್ ತರಬೇತಿ. ಆಗ ನರ್ಸ್ ಕೆಲಸ ಅಂದರೆ ಒಳ್ಳೆ ಮನೆತನದ ಹೆಂಗಸರಿಗೆ ತಕ್ಕದ್ದಲ್ಲ ಅಂತ ಜನ ಮೂಗು ಮುರಿಯುತ್ತಿದ್ದರು. ಯಾವ ಯಾವ ಜಾತಿಯ ರೋಗಿಗಳನ್ನೋ ಮುಟ್ಟಬೇಕು, ಪರಗಂಡಸರ ಶುಶ್ರೂಷೆ ಮಾಡಬೇಕು, ರಾತ್ರಿ ಪಾಳಿ ಬೇರೆ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತರಬೇತಿಗೆ ಸೇವಾ ಸದನದ ಹೆಂಗಸರು, ಅದರಲ್ಲೂ ಎಳೆ ವಿಧವೆಯರು ಹೋಗತೊಡಗಿದರು. ಅವರ ತವರು, ಅತ್ತೆಮನೆಯವರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಆದರೆ ಒಪ್ಪಿಸುವವರಿಗೆ ಒಳಮನೆಯ ಮಾತು ಹೇಗಿರುತ್ತದೆ ಅಂತ ಸ್ವಂತ ಅನುಭವದಿಂದ ಗೊತ್ತಿತ್ತು.

1910ರಲ್ಲಿ ಗಂಡನ ಜೊತೆಗಿನ ಬದುಕಿನ ನೆನಪುಗಳನ್ನು ಮರಾಠಿಯಲ್ಲಿ ಪುಸ್ತಕವಾಗಿ ಬರೆದರು. ಆ ಒಳಮನೆಯ ಮಾತುಗಳು ಇವತ್ತು ನಮಗೆ ತಿಳಿದಿರುವುದು ಅದರಿಂದಲೇ. 1920ರ ಸುಮಾರಿಗೆ, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಕಡ್ಡಾಯ ಶಿಕ್ಷಣ ಹೆಣ್ಣುಮಕ್ಕಳಿಗೂ ಸಿಗಬೇಕು ಅಂತ ಪುಣೆಯ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದರು. ಹೆಂಗಸರಿಗೆ ವೋಟಿನ ಹಕ್ಕು ಬೇಕು ಅಂತ ಹೋರಾಡಿದರು. ಮುಂಬಯಿ ಪ್ರಾಂತ್ಯದಲ್ಲಿ 1921ರಲ್ಲಿ ಆ ಹಕ್ಕು ಬಂತು. 1924ರಲ್ಲಿ ಅವರು ಕಣ್ಣು ಮುಚ್ಚುವಾಗ ಪುಣೆ ಸೇವಾ ಸದನದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಕಲಿಯುತ್ತಿದ್ದರು.

ನಮಗೇನು ಪಾಠ?

ರಮಾಬಾಯಿಯವರ ಹಾಗೆ ಎಲ್ಲವನ್ನೂ ನುಂಗಿಕೊಂಡು ಇರಿ ಅಂತ ನಾವು ಹೇಳುವುದಿಲ್ಲ. ಅದು ಆ ಕಾಲ, ಆ ಮನೆ. ಈಗ ನಿಮಗೆ ಬಾಯಿ ಇದೆ, ಕಾನೂನು ಇದೆ. ಆದರೆ ಅವರಿಂದ ಕಲಿಯುವಂಥದ್ದು ಬೇಕಾದಷ್ಟಿದೆ.

ಒಂದು, ಧೈರ್ಯ ಬಂದ ಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ರಮಾಬಾಯಿ ಧೈರ್ಯವಂತೆಯಾಗಿ ಓದಲು ಕೂತವರಲ್ಲ, ಓದುತ್ತಾ ಓದುತ್ತಾ ಧೈರ್ಯ ಬಂತು. ಸ್ಲೇಟಿನಿಂದ ಗವರ್ನರ್ ಸಭೆಯವರೆಗೆ ಬರಲು ಅವರಿಗೆ ಎಂಟು-ಹತ್ತು ವರ್ಷ ಹಿಡಿಯಿತು. ನಿಮಗೂ ಸಮಯ ಬೇಕು. ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಸಾಕು, ಆದರೆ ಆ ಗಂಟೆಯನ್ನು ಬಿಟ್ಟುಕೊಡಬೇಡಿ. ನೆಂಟರು ಬಂದರು ಅಂತ ಒಂದು ಸಲ ಬಿಟ್ಟರೆ ಇನ್ನೊಂದು ಸಲ ಬಿಡುವುದು ಸಲೀಸು.

ಎರಡು, ಸಹಾಯ ಮಾಡುವವರು ಇದ್ದರೆ ತೆಗೆದುಕೊಳ್ಳಿ. ಗಂಡನೇ ಆಗಬೇಕೆಂದಿಲ್ಲ. ಪಕ್ಕದ ಮನೆಯಾಕೆ, ಅಕ್ಕ, ಮಗಳು, ಯಾರಾದರೂ ಸರಿ. ಆದರೆ ಅವರು ಇಲ್ಲದ ದಿನವೂ ನಡೆಯುವಷ್ಟು ಕಲಿತುಬಿಡಿ. ಬ್ಯಾಂಕಿಗೆ ಯಾವಾಗಲೂ ಮಗ ಜೊತೆಗೆ ಬರುತ್ತಾನೆಯೇ? ಮುಂದಿನ ಸಲ ಅವನನ್ನು ಹೊರಗೆ ಕೂರಿಸಿ ಚೆಕ್ ನೀವೇ ಬರೆಯಿರಿ, ಕೌಂಟರಿನಲ್ಲಿ ನೀವೇ ಮಾತನಾಡಿ.

ಮೂರು, ಮನೆಯವರ ಮುಖ ಬಿಗಿಯುವುದನ್ನು ಕಂಡು ಗಾಬರಿಯಾಗಬೇಡಿ. ನಿಮ್ಮ ದಿನಚರಿ ಬದಲಾದರೆ ಅವರದೂ ಬದಲಾಗುತ್ತದೆ, ಅದಕ್ಕೇ ಮುನಿಸು. ಕೆಲವರು ಒಗ್ಗಿಕೊಳ್ಳುತ್ತಾರೆ. ಕೆಲವರು ಕೊನೆಯವರೆಗೂ ಒಪ್ಪುವುದಿಲ್ಲ. ಎಲ್ಲರೂ ಒಪ್ಪಿದ ಮೇಲೆ ಅಂತ ಕೂತಿದ್ದರೆ ರಮಾಬಾಯಿಗೆ ಅಕ್ಷರವೇ ಬರುತ್ತಿರಲಿಲ್ಲ.

ಕೊನೆಯದಾಗಿ, ನೀವು ಅತ್ತೆಯಾಗಿದ್ದರೆ, ನಾದಿನಿಯಾಗಿದ್ದರೆ, ಹಿರಿಯ ಓರಗಿತ್ತಿಯಾಗಿದ್ದರೆ ಒಂದು ಮಾತು. ನಿಮ್ಮ ಮನೆಯ ಹುಡುಗಿ ಏನಾದರೂ ಹೊಸದು ಕಲಿಯಲು ಹೊರಟಾಗ ನಿಮ್ಮ ಬಾಯಲ್ಲಿ ಬರುವ ಮೊದಲ ಮಾತು ಯಾವುದು ಅಂತ ಗಮನಿಸಿ. ಇದೆಲ್ಲಾ ಯಾಕೆ ಅಂತ ನಾಲಿಗೆ ತುದಿಗೆ ಬಂದರೆ ಅಲ್ಲೇ ತಡೆದು, ಆ ಒಂದು ಗಂಟೆ ಒಲೆಯ ಕಡೆ ನಾನು ನೋಡಿಕೊಳ್ಳುತ್ತೇನೆ ಅಂತ ಹೇಳಿ. ಹಾಗೇ ಅವಳು ಕಲಿತು ಬಂದದ್ದನ್ನು ನೀವೂ ಕೇಳಿ ಕಲಿಯಿರಿ. ನಿಮಗೂ ವಯಸ್ಸು ಮೀರಿಲ್ಲ.