ಪೀಟರ್ ಝೀಮನ್

ವಿಜ್ಞಾನಿಗಳ ಜೀವನಚರಿತ್ರೆಯನ್ನು ಓದುವಾಗ ಅವರ ಗೆಲವಿಗಿಂತ, ಸೋತ ಕೆಲಸವನ್ನು ಅವರು ಮತ್ತೆ ಕೈಗೆತ್ತಿಕೊಂಡ ಬಗೆಯೇ ನನ್ನ ಮನಸ್ಸಿಗೆ ಹೆಚ್ಚು ನಾಟುತ್ತದೆ. ಹಾಲೆಂಡಿನ ಪೀಟರ್ ಝೀಮನ್ ಅಂಥ ಮಹನೀಯರಲ್ಲೊಬ್ಬನು.

ಈತನು ಹುಟ್ಟಿದ್ದು 1865ನೆಯ ಇಸವಿ ಮೇ 25ರಂದು, ಝೋನ್ನೆಮೈರೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಕ್ರೈಸ್ತ ಪಾದ್ರಿ. 1882ರಲ್ಲಿ ಆಕಾಶದಲ್ಲಿ ಮೂಡಿದ ಧ್ರುವಪ್ರಭೆಯನ್ನು ಶಾಲೆಯ ಹುಡುಗನಾಗಿದ್ದ ಝೀಮನ್ ಚಿತ್ರಸಹಿತ ವರ್ಣಿಸಿ ಬರೆದನು. ಅದು ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗ್ರೀಕ್, ಲ್ಯಾಟಿನ್ ಬಾರದವರಿಗೆ ಆಗ ವಿಶ್ವವಿದ್ಯಾಲಯದ ಬಾಗಿಲು ತೆರೆಯುತ್ತಿರಲಿಲ್ಲ. ಡೆಲ್ಫ್ಟ್ ನಗರದಲ್ಲಿದ್ದು ಆ ಭಾಷೆಗಳನ್ನು ಕಲಿತು, 1885ರಲ್ಲಿ ಲೈಡನ್ ಸೇರಿದನು. ಅಲ್ಲಿ ಕಾಮರ್ಲಿಂಗ್ ಓನ್ಸ್ ಮತ್ತು ಲೊರೆಂಟ್ಸ್ ಅವನ ಗುರುಗಳು.

ಉಪ್ಪು ಬಿದ್ದ ಉರಿ ಹಳದಿಯಾಗಿ ಹೊಳೆಯುತ್ತದೆ. ಆ ಬೆಳಕನ್ನು ಬಿಡಿಸಿ ನೋಡಿದರೆ ಒತ್ತೊತ್ತಾಗಿ ಎರಡು ಹಳದಿ ಗೆರೆಗಳು. ಅಯಸ್ಕಾಂತದಿಂದ ಈ ಗೆರೆಗಳು ಬದಲಾಗುವುವೇ ಎಂದು ಮಹಾನುಭಾವ ಫ್ಯಾರಡೆ 1862ರಲ್ಲಿ ಪರೀಕ್ಷಿಸಿದ್ದನು, ಏನೂ ಕಾಣಲಿಲ್ಲ. ಝೀಮನ್ನನೂ ಒಮ್ಮೆ ಪ್ರಯತ್ನಿಸಿ ಸೋತನು. ಆದರೆ ಫ್ಯಾರಡೆಯಂಥವನು ಇದನ್ನು ಯೋಚಿಸಿದ್ದನೆಂದು ತಿಳಿದಾಗ, ಇದು ಮತ್ತೊಮ್ಮೆ ಮಾಡತಕ್ಕ ಪ್ರಯೋಗವೆಂದು ನಿಶ್ಚಯಿಸಿದನು. ಅಂಗುಲಕ್ಕೆ ಸುಮಾರು 15,000 ಗೆರೆ ಕೊರೆದ ಹೊಸ ಫಲಕ ಅವನ ಕೈಗೆ ಬಂದಿತ್ತು. 1896ರಲ್ಲಿ ವಿದ್ಯುತ್ಕಾಂತದ ನಡುವೆ ಉಪ್ಪಿನ ಉರಿಯನ್ನಿಟ್ಟು ನೋಡಿದಾಗ ಗೆರೆಗಳು ಅಗಲವಾದವು! ಅವನು ಹಿಗ್ಗಿ ಕೂರಲಿಲ್ಲ. ಉರಿಯ ಆಕಾರ ಕೆಟ್ಟು ಹೀಗಾಯಿತೋ ಎಂದು ಶಂಕಿಸಿ, ಪಿಂಗಾಣಿ ನಳಿಗೆಯಲ್ಲಿ ಸೋಡಿಯಂ ಕಾಯಿಸಿ ಮತ್ತೆ ಪರೀಕ್ಷಿಸಿದನು. ಲೊರೆಂಟ್ಸ್ ಕೆಲವೇ ದಿನಗಳಲ್ಲಿ ಕಾರಣ ಹೇಳಿದನು: ಪರಮಾಣುವಿನೊಳಗೆ ವಿದ್ಯುತ್ತುಳ್ಳ, ಅತಿ ಹಗುರವಾದ ಕಣವೊಂದು ತುಯ್ದಾಡುತ್ತಿದೆ. ಎಲೆಕ್ಟ್ರಾನಿನ ಸುಳಿವು ಹೀಗೂ ಸಿಕ್ಕಿತು. 1902ರ ನೊಬೆಲ್ ಬಹುಮಾನ ಗುರುಶಿಷ್ಯರಿಬ್ಬರಿಗೂ ಸಂದಿತು.

1897ರಲ್ಲಿ ಝೀಮನ್ ಆಮ್‌ಸ್ಟರ್‌ಡಾಮಿಗೆ ಹೋದನು. 1923ರಲ್ಲಿ ಅವನಿಗಾಗಿ ಕಟ್ಟಿದ ಪ್ರಯೋಗಶಾಲೆಯಲ್ಲಿ, ನೆಲದ ಅದುರು ತಾಗದಂತೆ 2,50,000 ಕಿಲೋಗ್ರಾಂ ತೂಕದ ಕಾಂಕ್ರೀಟಿನ ದಿಮ್ಮಿಯೊಂದನ್ನು ಇಡಲಾಗಿತ್ತು. 1943ರ ಅಕ್ಟೋಬರ್ 9ರಂದು ಅವನು ತೀರಿಕೊಂಡನು.

ಅವನು ತೆರೆದ ದಾರಿ ಮುಂದೆಯೂ ಬೆಳೆಯಿತು. ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಗಿಳಿದಾಗ ಬೆಳಕು ಹೊರಡುತ್ತದೆ. ಆದರೆ ಎಲ್ಲ ಇಳಿತಕ್ಕೂ ನಿಯಮ ಒಪ್ಪುವುದಿಲ್ಲ; ಒಪ್ಪದವುಗಳಿಗೆ ನಿಷಿದ್ಧ ಸಂಕ್ರಮಣಗಳೆಂದು ಹೆಸರು. ಕಾಂತಕ್ಷೇತ್ರವು ಒಂದು ಮಟ್ಟದ ಗುಣವನ್ನು ಮತ್ತೊಂದಕ್ಕೆ ತುಸು ಬೆರೆಸುವುದರಿಂದ ಆ ನಿಷೇಧ ಸಡಿಲುತ್ತದೆ. 2006ರಲ್ಲಿ ಅಮೆರಿಕದ ವಿಜ್ಞಾನಿಗಳು ಇಟರ್ಬಿಯಂ ಪರಮಾಣುವಿನ ಅಂಥ ಸಂಕ್ರಮಣವೊಂದನ್ನು ಕಾಂತಕ್ಷೇತ್ರದಿಂದ ಎಬ್ಬಿಸಿ, ಅದನ್ನೇ ಗಡಿಯಾರಕ್ಕೆ ಆಧಾರ ಮಾಡಿಕೊಂಡರು. ಇನ್ನೊಂದು ಬೆರಕೆ ಪರಮಾಣುವಿನ ಒಳಗಿನಿಂದಲೇ ಬರುತ್ತದೆ. ಬೀಜಕೇಂದ್ರಕ್ಕೂ ಎಲೆಕ್ಟ್ರಾನಿಗೂ ನಡುವೆ ವರ್ತಿಸುವ ದುರ್ಬಲ ಬಲವು ಎಡಬಲಗಳನ್ನು ಸಮನಾಗಿ ಕಾಣುವುದಿಲ್ಲ. ಅದರಿಂದಲೂ ನಿಷೇಧ ಕಿಂಚಿತ್ತು ಮುರಿಯುತ್ತದೆ. ಸೀಸಿಯಂ ಪರಮಾಣುವಿನಲ್ಲಿ ಇದನ್ನು ಅಳೆಯಬಹುದೆಂದು ಪ್ಯಾರಿಸಿನ ಬೂಶಿಯಾ ದಂಪತಿಗಳು 1974ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅಲ್ಲಿಯೇ ಅದನ್ನು ಅಳೆದದ್ದೂ ಆಯಿತು.

ನಿಷಿದ್ಧವೆಂದರೆ ಅಸಾಧ್ಯವೆಂದಲ್ಲ, ಅತಿ ವಿರಳವೆಂದಷ್ಟೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಓದು ನಮ್ಮಂಥವರಿಗಲ್ಲ ಎಂಬ ಮಾತನ್ನು ಕೇಳುತ್ತಲೇ ಬೆಳೆದವನು. ಇಂಥವರು ಈ ಕಾಲೇಜಿನಲ್ಲಿ ನಾನೊಬ್ಬನೇ ಅಲ್ಲವೆಂದು ಬಲ್ಲೆ. ಫ್ಯಾರಡೆಗೆ ಕಾಣದ ಗೆರೆ ಝೀಮನ್ನನಿಗೆ ಕಂಡದ್ದು ಒಳ್ಳೆಯ ಉಪಕರಣದಿಂದ ಮತ್ತು ಎರಡನೆಯ ಪ್ರಯತ್ನದಿಂದ. ಉಪಕರಣ ಒದಗಿಸುವುದು ಕಾಲೇಜಿನ ಕೆಲಸ. ಎರಡನೆಯ ಪ್ರಯತ್ನ ಮಾತ್ರ ನಮ್ಮದು.