ಅನಾಥರ ತಂದೆ ಪೆಸ್ಟಲಾಜಿ

ಯುದ್ಧ ಹೂಡುವವರು ದೊಡ್ಡವರು. ಅದರ ಉರಿಯಲ್ಲಿ ಬೇಯುವವರು ಏನೂ ಅರಿಯದ ಮಕ್ಕಳು. ಇಂಥ ಮಕ್ಕಳ ಕಣ್ಣೀರು ಒರೆಸಲು ಬಾಳು ಸವೆಸಿದ ಮಹನೀಯರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಪೆಸ್ಟಲಾಜಿಯವರು ಒಬ್ಬರು.

ಅವರು ಜನಿಸಿದ್ದು 1746ರ ಜನವರಿ 12ರಂದು, ಜೂರಿಕ್ ನಗರದಲ್ಲಿ. ಐದರ ಪ್ರಾಯದಲ್ಲೇ ತಂದೆ ತೀರಿಕೊಂಡರು. ತಾಯಿ ಮತ್ತು ಮನೆಗೆಲಸದ ನಿಷ್ಠಾವಂತ ಹೆಣ್ಣುಮಗಳು ಕಷ್ಟದಲ್ಲಿ ಸಾಕಿದರು. ತಂದೆಯಿಲ್ಲದ ಮಗುವಿನ ಒಡಲ ಸಂಕಟ ಅವರಿಗೆ ಅನುಭವದಿಂದಲೇ ತಿಳಿದಿತ್ತು.

ದೊಡ್ಡವರಾದ ಮೇಲೆ ಬಿರ್ ಎಂಬ ಹಳ್ಳಿಯ ಬಳಿ ಬೇಸಾಯಕ್ಕಿಳಿದರು. ಅದು ಕೈಹತ್ತಲಿಲ್ಲ. ಆದರೂ 1774ರಲ್ಲಿ ಬಡವರ ಮಕ್ಕಳನ್ನು ಮನೆಗೆ ಕರೆತಂದು ನೂಲುವುದು, ನೇಯುವುದು, ಹೊಲಗೆಲಸದ ಜೊತೆಗೆ ಓದು, ಲೆಕ್ಕ ಕಲಿಸತೊಡಗಿದರು. ಅವರಲ್ಲಿ ಬುದ್ಧಿಮಾಂದ್ಯ ಮಕ್ಕಳೂ ಇದ್ದರು. ಅಂಥವರನ್ನು ಜನ ಮೂಲೆಗೆ ತಳ್ಳುತ್ತಿದ್ದ ಕಾಲವದು. ಪ್ರೀತಿಯಿಂದ ಕಲಿಸಿದರೆ ಆ ಮಕ್ಕಳೂ ತಮ್ಮ ಅನ್ನ ತಾವೇ ದುಡಿಯಬಲ್ಲರೆಂಬುದನ್ನು ಪೆಸ್ಟಲಾಜಿಯವರು ಕಣ್ಣಾರೆ ಕಂಡು ಬರೆದಿಟ್ಟರು. ಸಾಲ ಬೆಳೆದು 1780ರಲ್ಲಿ ಆ ಮನೆ ಮುಚ್ಚಿತು. ಕೈಗೆ ಬಂದದ್ದು ಬಡತನ. ಮನಸ್ಸಿನ ಹಂಬಲ ಮಾತ್ರ ಆರಲಿಲ್ಲ.

1798ರ ಸೆಪ್ಟೆಂಬರ್ 9ರಂದು, ಹೊಸ ಆಡಳಿತಕ್ಕೆ ತಲೆಬಾಗದ ನಿಡ್‌ವಾಲ್ಡನ್ ಸೀಮೆಯ ಮೇಲೆ ಫ್ರೆಂಚ್ ಸೈನ್ಯ ಬಿದ್ದಿತು. ಹೆಂಗಸರು, ಮಕ್ಕಳೂ ಸೇರಿ ಸುಮಾರು 400 ಜನ ಹತರಾದರು. ನೂರಾರು ಮನೆಗಳು ಸುಟ್ಟುಹೋದವು. ಅನಾಥರಾದ ಮಕ್ಕಳಿಗಾಗಿ ಸರ್ಕಾರ ಸ್ಟಾನ್ಸ್ ಊರಿನಲ್ಲಿ, ಸನ್ಯಾಸಿನಿಯರ ಮಠದ ಒಂದು ಭಾಗದಲ್ಲಿ ಆಶ್ರಯ ತೆರೆಯಿತು. ಅದನ್ನು ನಡೆಸಲು ಬಂದವರು ಆಗ 52ರ ಪ್ರಾಯದಲ್ಲಿದ್ದ ಪೆಸ್ಟಲಾಜಿ.

1799ರ ಜನವರಿ 14ರಂದು ಮಕ್ಕಳು ಬರತೊಡಗಿದರು. ಕಜ್ಜಿಯಿಂದ ನಡೆಯಲಾರದವರು, ತಲೆತುಂಬ ಹುಣ್ಣಾದವರು, ಎಲುಬಿನ ಹಂದರವಾದವರು. ಕ್ರಮೇಣ ಸಂಖ್ಯೆ 80ರ ಹತ್ತಿರ ಬಂತು. ನೋಡಿಕೊಳ್ಳಲು ಅವರೊಬ್ಬರು, ನೆರವಿಗೆ ಅಡುಗೆ-ಮನೆವಾರ್ತೆಯ ಒಬ್ಬ ಹೆಣ್ಣುಮಗಳು. ಪೆಸ್ಟಲಾಜಿ ಮಕ್ಕಳೊಡನೆ ಉಂಡರು, ಅವರ ನಡುವೆಯೇ ಮಲಗಿದರು. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಎದ್ದರು. ಊರವರಿಗೆ ಅವರ ಮೇಲೆ ನಂಬಿಕೆ ಇರಲಿಲ್ಲ: ಅವರು ಬೇರೆ ಪಂಥದವರು, ಜೊತೆಗೆ ತಮ್ಮನ್ನು ಹಾಳುಮಾಡಿದ ಆಡಳಿತದ ಕಡೆಯಿಂದ ಬಂದವರು. ಅವರು ವಾದಿಸಲಿಲ್ಲ, ಸೇವೆ ಮಾಡಿದರು.

ಆ ವರ್ಷದ ಏಪ್ರಿಲ್‌ನಲ್ಲಿ ನೆರೆಯ ಆಲ್ಟ್‌ಡಾರ್ಫ್ ಊರು ಬೆಂಕಿಗೆ ಆಹುತಿಯಾಯಿತು. ಅಲ್ಲಿಯ ಸುಮಾರು ಇಪ್ಪತ್ತು ಮಕ್ಕಳನ್ನು ಕರೆತರೋಣವೇ ಎಂದು ಪೆಸ್ಟಲಾಜಿ ತಮ್ಮ ಮಕ್ಕಳನ್ನೇ ಕೇಳಿದರು. ಊಟ ಕಡಿಮೆಯಾಗುತ್ತದೆ, ಕೆಲಸ ಹೆಚ್ಚುತ್ತದೆ, ಬಟ್ಟೆಯನ್ನೂ ಹಂಚಿಕೊಳ್ಳಬೇಕಾಗುತ್ತದೆ ಎಂಬುದನ್ನು ಮುಚ್ಚಿಡಲಿಲ್ಲ. ಆದರೂ ಆ ಮಕ್ಕಳು ಒಕ್ಕೊರಲಿನಿಂದ ಒಪ್ಪಿದರು. ತುತ್ತಿಗಾಗಿ ಬಂದವರು ತುತ್ತು ಹಂಚಲು ಸಿದ್ಧರಾಗಿದ್ದರು.

ಜೂನ್ ತಿಂಗಳಲ್ಲಿ ಸೈನಿಕರ ಆಸ್ಪತ್ರೆಗೆಂದು ಆ ಕಟ್ಟಡ ಬೇಕಾಯಿತು; ಹೆಚ್ಚಿನ ಮಕ್ಕಳನ್ನು ಕಳಿಸಬೇಕಾಯಿತು. ರಕ್ತ ಕಾರುವಷ್ಟು ದಣಿದಿದ್ದ ಪೆಸ್ಟಲಾಜಿ ಬೆಟ್ಟದೂರಿಗೆ ಹೋಗಿ ಚೇತರಿಸಿಕೊಂಡು ಮತ್ತೆ ಮಕ್ಕಳ ನಡುವೆಯೇ ನಿಂತರು. ಇವೆರ್ಡಾನ್ ಊರಿನ ಅವರ ಶಾಲೆಗೆ ಹಲವು ದೇಶಗಳಿಂದ ಜನ ಕಲಿಯಲು ಬಂದರು. 1827ರ ಫೆಬ್ರವರಿ 17ರಂದು ಅವರು ದೇಹ ಬಿಟ್ಟರು.

ಸ್ಟಾನ್ಸ್‌ನ ಆ ಸೇವೆ ನಡೆದದ್ದು ಐದು ತಿಂಗಳಿಗೂ ಕಡಿಮೆ. ಆದರೂ ಲೋಕ ಮರೆತಿಲ್ಲ. ಭಕ್ತರೇ, ನೊಂದ ಮಗುವಿಗೆ ಅನ್ನವಿಟ್ಟರೆ ಒಂದು ಹೊತ್ತಿನ ಹಸಿವು ತೀರುತ್ತದೆ. ತಾನೂ ಇನ್ನೊಬ್ಬರಿಗೆ ಕೊಡಬಲ್ಲೆನೆಂಬ ಭಾವ ಅದರಲ್ಲಿ ಮೂಡಿಸಿದರೆ ಅದರ ಅನಾಥತನವೇ ತೀರುತ್ತದೆ.