ಪರಸ್ಥಳವನ್ನು ಸ್ವಸ್ಥಳವಾಗಿಸಿಕೊಂಡ ಶರಣಜೀವಿ : ಶ್ರೀ ಫ. ಗು. ಹಳಕಟ್ಟಿಯವರು

ಉದರಪೋಷಣೆಗಾಗಿ ಹುಟ್ಟಿದ ಊರನ್ನು ಬಿಟ್ಟು ಪರಸ್ಥಳಕ್ಕೆ ಹೋಗುವುದು ಮಾನವನಿಗೆ ಹೊಸದಲ್ಲ. ಬಳ್ಳಾರಿಯ ಕಂಟೋನ್ಮೆಂಟನ್ನು ಬಲ್ಲವರಿಗೆ ಇದು ಕಣ್ಣೆದುರಿನ ಸಂಗತಿ. ಆಂಗ್ಲರ ಕಾಲದಲ್ಲಿ ದಂಡಿನ ನೆಲೆಯಾಗಿದ್ದ ಆ ಭಾಗಕ್ಕೆ ನಾನಾ ಪ್ರಾಂತಗಳಿಂದ ಸಿಪಾಯಿಗಳು, ಅಧಿಕಾರಿಗಳು, ವರ್ತಕರು ಬಂದರು. ಕೆಲವರು ನೆಲೆಸಿದರು, ಅನೇಕರು ಅವಧಿ ತೀರಿದೊಡನೆ ಹೊರಟುಹೋದರು. ಒಂದು ಊರಿನಲ್ಲಿ ವಾಸಮಾಡುವುದು ಬೇರೆ, ಆ ಊರಿನವನಾಗುವುದು ಬೇರೆ. ಮೊದಲನೆಯದಕ್ಕೆ ಒಂದು ಮನೆ ಸಾಕು. ಎರಡನೆಯದಕ್ಕೆ ಆ ಜನದ ಕಷ್ಟಸುಖಗಳ ಅರಿವೂ, ಅದರಲ್ಲಿ ಪಾಲುಗೊಳ್ಳುವ ಮನಸ್ಸೂ ಬೇಕು.

ಇದೇ ಬಳ್ಳಾರಿಯಲ್ಲಿ 1926ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆಯಿತು. ಅದರ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ವಿಜಾಪುರದ ವಕೀಲರಾದ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಆದರೆ ಆ ಮಹನೀಯರು ಹುಟ್ಟಿನಿಂದ ವಿಜಾಪುರದವರಲ್ಲ. ಹೊರಗಿನಿಂದ ಬಂದು ಆ ನಾಡಿನವರೇ ಆದವರು. ಅವರು ಹಾಗಾದ ಬಗೆಯನ್ನು ಪ್ರತಿಯೊಬ್ಬ ಗೃಹಸ್ಥಭಕ್ತನೂ ಮನನ ಮಾಡತಕ್ಕದ್ದಾಗಿದೆ.

ಶ್ರೀ ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಉಪಾಧ್ಯಾಯರು, ಕನ್ನಡದ ಲೇಖಕರು. ತಾಯಿ ದಾನಮ್ಮನವರು. ಬಾಲ್ಯದಲ್ಲಿಯೇ ಮಾತೃವಿಯೋಗವಾದರೂ ತಂದೆಯ ವಿದ್ಯಾಪ್ರೀತಿಯು ಮಗನನ್ನು ಕೈಬಿಡಲಿಲ್ಲ. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಗೆ ಹೋಗಿ ಪದವಿಯನ್ನು ಪಡೆದು, ನ್ಯಾಯಶಾಸ್ತ್ರದಲ್ಲಿಯೂ ಉತ್ತೀರ್ಣರಾದರು. ಕರ್ನಾಟಕದ ಕುಲಪುರೋಹಿತರೆನಿಸಿದ ಶ್ರೀ ಆಲೂರು ವೆಂಕಟರಾಯರು ಇವರಿಗಿಂತ ಹತ್ತೇ ದಿನ ಕಿರಿಯರು. ಆಲೂರರು ವಿಜಾಪುರದಲ್ಲಿ ಹುಟ್ಟಿ ಧಾರವಾಡವನ್ನು ಕಾರ್ಯಕ್ಷೇತ್ರವಾಗಿ ಆರಿಸಿಕೊಂಡರು. ಹಳಕಟ್ಟಿಯವರು ಧಾರವಾಡದಲ್ಲಿ ಹುಟ್ಟಿ ವಿಜಾಪುರಕ್ಕೆ ತಮ್ಮನ್ನು ಅರ್ಪಿಸಿಕೊಂಡರು.

ಬೆಳಗಾವಿಯಲ್ಲಿ ಅಲ್ಪಕಾಲ ವಕೀಲಿಯನ್ನು ಮಾಡಿ 1904ರ ಸುಮಾರಿಗೆ ಅವರು ವಿಜಾಪುರಕ್ಕೆ ಬಂದರು. ಧಾರವಾಡದ ಮಳೆ, ಹಸುರು, ವಿದ್ಯಾಸಂಸ್ಥೆಗಳ ಸಾನ್ನಿಧ್ಯದಲ್ಲಿ ಬೆಳೆದವರಿಗೆ ಆ ಪ್ರದೇಶವು ಸರ್ವಥಾ ಭಿನ್ನವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಒಂದು ಕಡೆ ಆದಿಲಶಾಹಿಗಳ ಗುಮ್ಮಟ ಮಸೀದಿಗಳ ಮಹಾವೈಭವ. ಮತ್ತೊಂದು ಕಡೆ ಮಳೆಯನ್ನೇ ನಂಬಿದ ಎರೆಹೊಲಗಳು, ಬಿಳಿಜೋಳದ ರೊಟ್ಟಿಯನ್ನುಂಡು ಬರಗಾಲವನ್ನು ಎದುರಿಸುವ ಒಕ್ಕಲು. 1876ರ ಬರವನ್ನೂ, ಶತಮಾನದ ಕೊನೆಯ ಬರವನ್ನೂ ಕಂಡಿದ್ದ ಜನ ಅದು. ಪಟ್ಟಣದಲ್ಲಿ ಕನ್ನಡದೊಡನೆ ಮರಾಠಿ ಉರ್ದುಗಳೂ ಕೇಳಿಬರುತ್ತಿದ್ದುವು. ಆದರೆ ಅದೇ ಜಿಲ್ಲೆಯಲ್ಲಿ ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಿತ್ತು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಕೂಡಲಸಂಗಮವೂ ಅಂದು ಆ ಜಿಲ್ಲೆಯಲ್ಲಿಯೇ ಇತ್ತು. ಶರಣರು ನಡೆದಾಡಿದ ನೆಲದಲ್ಲಿ ಶರಣರ ಮಾತು ಮಾತ್ರ ಗಂಟುಕಟ್ಟಿ ಅಟ್ಟವನ್ನೇರಿತ್ತು.

ವಕೀಲನಾದವನು ಜನರ ಜೀವನವನ್ನು ಅವರ ವ್ಯಾಜ್ಯಗಳ ಮೂಲಕ ಕಾಣುತ್ತಾನೆ. ಸಾಲದ ಪತ್ರ, ಹೊಲದ ಒತ್ತೆ, ಅಣ್ಣತಮ್ಮಂದಿರ ಪಾಲು ಇವೇ ಅವನ ಮುಂದೆ ಬರುವ ಕಡತಗಳು. ಅನೇಕರು ಆ ಕಡತಗಳಲ್ಲಿ ತಮ್ಮ ಗಳಿಕೆಯನ್ನು ಮಾತ್ರ ಕಾಣುತ್ತಾರೆ. ಹಳಕಟ್ಟಿಯವರು ಅವುಗಳಲ್ಲಿ ನಾಡಿನ ರೋಗವನ್ನು ಕಂಡರು. ಅಕ್ಷರವರಿಯದ ಒಕ್ಕಲಿಗನು ಹೆಬ್ಬೆಟ್ಟನ್ನೊತ್ತಿ ಹೊಲವನ್ನು ಕಳೆದುಕೊಳ್ಳುವನು. ಒಂದು ವರ್ಷ ಮಳೆ ತಪ್ಪಿದರೆ ಬಡ್ಡಿಯು ಅಸಲನ್ನು ಮೀರುವುದು. ಅದಕ್ಕೆ ನ್ಯಾಯಾಲಯದಲ್ಲಿ ಮದ್ದಿಲ್ಲ. ಶಾಲೆಯಲ್ಲಿಯೂ ಸಹಕಾರದಲ್ಲಿಯೂ ಇದೆ. ಈ ತಿಳಿವಳಿಕೆಯಿಂದಲೇ ಅವರ ಸಮಾಜಕಾರ್ಯವು ಮೊದಲಾಯಿತು.

1910ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯು ಸ್ಥಾಪಿತವಾದುದರಲ್ಲಿ ಹಳಕಟ್ಟಿಯವರ ಪಾತ್ರವು ಮುಖ್ಯವಾದುದು. ಇಂದು ಬಿ.ಎಲ್.ಡಿ.ಇ. ಎಂದು ಪ್ರಖ್ಯಾತವಾಗಿರುವ ಸಂಸ್ಥೆಯೇ ಅದು. ಎರಡು ವರ್ಷಗಳ ತರುವಾಯ, 1912ರಲ್ಲಿ, ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಿತು. ಆ ಹೆಸರಿನಲ್ಲಿಯೂ ಒಂದು ಅರ್ಥವಿದೆ. ವಿಜಾಪುರದ ಜನರು ಸಂಕ್ರಮಣದ ಜಾತ್ರೆಯಲ್ಲಿ ಕೂಡಿ ನೆನೆಯುವ ದೈವ ಸಿದ್ಧೇಶ್ವರ. ಸೊನ್ನಲಿಗೆಯ ಸಿದ್ಧರಾಮರು ಕೆರೆಯನ್ನು ಕಟ್ಟಿಸಿ ಲೋಕಹಿತವನ್ನೇ ಶಿವಪೂಜೆಯನ್ನಾಗಿ ಮಾಡಿದವರು. ಜನರು ನಂಬಿದ ಹೆಸರಿನಲ್ಲಿ ಜನರ ಹಣವನ್ನು ಕೂಡಿಸಿ ಜನರಿಗೇ ಸಾಲ ಕೊಡುವ ಈ ಏರ್ಪಾಡು ಊರನ್ನು ಅರಿತವರಿಗೆ ಮಾತ್ರ ಹೊಳೆಯತಕ್ಕದ್ದು. ಒಕ್ಕಲಿಗರ ಮತ್ತು ನೇಕಾರರ ಸಹಕಾರಕ್ಕಾಗಿಯೂ, ಬರನಿವಾರಣೆಗಾಗಿಯೂ, ಪಟ್ಟಣದ ಜನರ ಕುಡಿಯುವ ನೀರಿಗಾಗಿಯೂ ಅವರು ದುಡಿದರು. ನಗರಸಭೆಯಲ್ಲಿಯೂ ಮುಂಬಯಿಯ ಶಾಸನಸಭೆಯಲ್ಲಿಯೂ ಕುಳಿತು ನಾಡಿನ ಅಹವಾಲನ್ನು ಮಂಡಿಸಿದರು.

ಇಷ್ಟಾದರೆ ಅವರು ಉತ್ತಮ ನಾಗರಿಕರೆನಿಸುತ್ತಿದ್ದರು. ವಚನ ಪಿತಾಮಹರೆನಿಸಿದುದು ಇನ್ನೊಂದು ಕಾರ್ಯದಿಂದ. ವಕೀಲಿಯು ಆರಂಭವಾಗುವ ಕಾಲದಲ್ಲಿಯೇ ರಬಕವಿ-ಬನಹಟ್ಟಿಗಳ ಕಡೆಯ ಮನೆತನವೊಂದರಲ್ಲಿ ಅವರಿಗೆ ವಚನಗಳ ತಾಡೋಲೆಗಳು ದೃಷ್ಟಿಗೋಚರವಾದುವು. ಅಂದಿನಿಂದ ಅವರ ಚಿತ್ತವು ಅಲ್ಲಿಯೇ ನೆಟ್ಟಿತು. ಕಕ್ಷಿಗಾರರಿಂದಲೂ ಸ್ನೇಹಿತರಿಂದಲೂ ಸುಳಿವನ್ನು ಪಡೆದು, ಹಳ್ಳಿಹಳ್ಳಿಗೆ ನಡೆದು, ಮಠಗಳನ್ನೂ ಮನೆಗಳನ್ನೂ ಅರಸಿದರು.

ಆ ಓಲೆಗಳು ಇದ್ದ ಸ್ಥಿತಿಯನ್ನು ಇಂದಿನ ಓದುಗರು ಊಹಿಸಿಕೊಳ್ಳಬೇಕು. ಕೆಲವು ಮನೆಗಳಲ್ಲಿ ಅವು ದೇವರ ಜಗುಲಿಯ ಮೇಲೆ ವಸ್ತ್ರದಲ್ಲಿ ಸುತ್ತಲ್ಪಟ್ಟು, ವಿಭೂತಿ ಪತ್ರಪುಷ್ಪಗಳಿಂದ ಪೂಜೆಗೊಳ್ಳುತ್ತಿದ್ದುವು; ಬಿಚ್ಚಿ ಓದುವವರಿರಲಿಲ್ಲ. ಕೆಲವು ಕಡೆ ಅಟ್ಟದ ಮೇಲೆ ಹೊಗೆ ಹಿಡಿದು ಗೆದ್ದಲಿಗೆ ಆಹಾರವಾಗುತ್ತಿದ್ದುವು. ಮುತ್ತಾತನು ಪೂಜಿಸಿದ ಕಟ್ಟನ್ನು ಅಪರಿಚಿತನಾದ ವಕೀಲನ ಕೈಯಲ್ಲಿಡಲು ಮನೆಯವರು ಹಿಂಜರಿದರೆ ಅದು ಅವರ ತಪ್ಪಲ್ಲ. ಕೋರ್ಟಿನ ಅಧಿಕಾರವಾಗಲಿ ಹಣವಾಗಲಿ ಅಲ್ಲಿ ನಡೆಯದು. ಮನೆಯ ಹಿರಿಯರೊಡನೆ ಕುಳಿತು, ಅವರ ಮಾತನ್ನು ಕೇಳಿ, ಅವರ ಭಕ್ತಿಯನ್ನು ಗೌರವಿಸಿ ವಿಶ್ವಾಸವನ್ನು ಗಳಿಸಿದವರಿಗೇ ಆ ಗಂಟು ಬಿಚ್ಚುವುದು. ಶಾಲೆ ಬ್ಯಾಂಕುಗಳ ಕಾರ್ಯದಲ್ಲಿ ಗಳಿಸಿದ ಜನವಿಶ್ವಾಸವು ಇಲ್ಲಿ ಫಲಕೊಟ್ಟಿತೆನ್ನಬಹುದು. ಊರಿನ ಸಾಲವನ್ನು ತಿಳಿದವರಿಗೆ ಊರು ತನ್ನ ನಿಧಿಯನ್ನೂ ತೋರಿಸಿತು.

ಓಲೆಯು ದೊರೆತ ಮಾತ್ರಕ್ಕೆ ಕಾರ್ಯವು ಮುಗಿಯದು. ಮಾಸಿದ ಅಕ್ಷರಗಳಿಗೆ ಮಸಿಯನ್ನು ಸವರಿ ಕಾಣುವಂತೆ ಮಾಡಬೇಕು. ಪದವಿಭಾಗವಿಲ್ಲದ ಸಾಲುಗಳನ್ನು ಬಿಡಿಸಬೇಕು. ಹಲವು ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸಬೇಕು. ಅಂಕಿತವನ್ನು ನೋಡಿ ಯಾವ ವಚನ ಯಾರದೆಂದು ಬೇರ್ಪಡಿಸಬೇಕು. ವಕೀಲಿಯೊಡನೆ ವರ್ಷಗಟ್ಟಲೆ ನಡೆದ ಈ ತಪಸ್ಸಿನ ಪ್ರಥಮ ಫಲವಾಗಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಕನ್ನು ಕಂಡಿತು. ಅದುವರೆಗೆ ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದರೆ, ಹಳಕಟ್ಟಿಯವರ ಪರಿಶ್ರಮದಿಂದ ಆ ಸಂಖ್ಯೆಯು ಇನ್ನೂರೈವತ್ತನ್ನು ಮೀರಿತೆಂದು ವಿದ್ವಾಂಸರು ಹೇಳುತ್ತಾರೆ. ನೇಯುವವರು, ಅಂಬಿಗರು, ಮಡಿವಾಳರು, ಸೌದೆ ಹೊರುವವರು ಮುಂತಾದ ಕಾಯಕಜೀವಿಗಳೂ, ಶರಣೆಯರೂ ಆ ಪುಟಗಳಲ್ಲಿ ಮತ್ತೆ ಮಾತನಾಡಿದರು.

ಗ್ರಂಥಗಳ ಪ್ರಕಟನೆಗೆ ಸ್ವಂತ ಮುದ್ರಣಾಲಯವು ಅವಶ್ಯವೆಂದು ಕಂಡಾಗ ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಪರಸ್ಥಳದಿಂದ ಬಂದವನಿಗೆ ಸ್ವಂತ ಮನೆಯೆಂದರೆ ಆ ಊರಿನಲ್ಲಿ ಬೇರೂರಿದ ಗುರುತು. ಆ ಗುರುತನ್ನೇ ಅವರು ಶರಣರ ಮಾತಿಗಾಗಿ ಬಿಟ್ಟುಕೊಟ್ಟು ಬಾಡಿಗೆಯ ಮನೆಯಲ್ಲಿ ನಿಂತರು. ಗೃಹಸ್ಥನ ಪಾಲಿಗೆ ಇದು ಸಾಮಾನ್ಯವಾದ ತ್ಯಾಗವಲ್ಲ. ಅದರ ಭಾರವನ್ನು ಮನೆಯವರೆಲ್ಲರೂ ಹೊರಬೇಕಾಗುತ್ತದೆ. 1926ರಲ್ಲಿ ಶಿವಾನುಭವ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಪ್ರಾರಂಭವಾದುವು. 1930ರಲ್ಲಿ ಶೂನ್ಯಸಂಪಾದನೆಯು ಪ್ರಕಟವಾಯಿತು. ಹರಿಹರನ ರಗಳೆಗಳೂ ಹೊರಬಂದುವು. ಗಳಿಕೆಯು ಕುಗ್ಗಿತು, ಸಾಲವು ಬೆಳೆಯಿತು, ಕಾಯಕವು ನಿಲ್ಲಲಿಲ್ಲ. ಬಡವರ ಸಾಲವನ್ನು ತೀರಿಸಲು ಬ್ಯಾಂಕನ್ನು ಕಟ್ಟಿದವರು ತಾವೇ ಬಡತನವನ್ನು ಅಪ್ಪಿಕೊಂಡರು.

ಬಳ್ಳಾರಿಯು ಅವರನ್ನು ಅಧ್ಯಕ್ಷರನ್ನಾಗಿ ಬರಮಾಡಿಕೊಂಡುದು ಈ ಕಾಲದಲ್ಲಿಯೇ. ಅಂದು ಬಳ್ಳಾರಿಯು ಮದ್ರಾಸು ಪ್ರಾಂತಕ್ಕೂ, ವಿಜಾಪುರವು ಮುಂಬಯಿ ಪ್ರಾಂತಕ್ಕೂ ಸೇರಿದ್ದುವು. ಒಂದೇ ನುಡಿಯ ಜನರು ಎರಡು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, ವಚನಗಳ ಸಂಶೋಧಕರು ಆ ಗಡಿಯನ್ನು ದಾಟಿ ಬಂದು ಕನ್ನಡಿಗರ ಸಭೆಯನ್ನು ನಡೆಸಿಕೊಟ್ಟುದು ಸ್ಮರಣೀಯವಾದ ಸಂಗತಿ. 1916ರಲ್ಲಿಯೇ ವೀರಶೈವ ವಿದ್ಯಾವರ್ಧಕ ಸಂಘವನ್ನು ಕಟ್ಟಿಕೊಂಡಿದ್ದ ಬಳ್ಳಾರಿಯ ಜನರಿಗೆ ವಿಜಾಪುರದ ವಿದ್ಯಾಕಾರ್ಯವು ಅಪರಿಚಿತವೆನಿಸುವಂತಿರಲಿಲ್ಲ. 1953ರಲ್ಲಿ ಬಳ್ಳಾರಿಯು ಮೈಸೂರಿಗೆ ಸೇರಿದುದನ್ನೂ, 1956ರಲ್ಲಿ ಕರ್ನಾಟಕವು ಒಂದಾದುದನ್ನೂ ಹಳಕಟ್ಟಿಯವರು ಕಣ್ಣಾರೆ ಕಂಡರು. ಅದೇ 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನಿತ್ತು ತನ್ನನ್ನು ಗೌರವಿಸಿಕೊಂಡಿತು.

ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ, ಕಲ್ಲಿನ ಗುಮ್ಮಟಕ್ಕಿಂತ ಮೊದಲು ವಚನಗಳ ಗುಮ್ಮಟವನ್ನು ಕಾಣಬೇಕೆಂದು ಹಳಕಟ್ಟಿಯವರ ದರ್ಶನಕ್ಕೆ ನಡೆದರೆಂಬ ವೃತ್ತಾಂತವು ಜನಜನಿತವಾಗಿದೆ. ಹೊರಗಿನಿಂದ ಬಂದವರೊಬ್ಬರು ಊರಿನ ಮಹಾಕಟ್ಟಡದೊಡನೆ ಊರಿನ ಗುರುತಾಗಿ ನಿಲ್ಲುವುದಕ್ಕಿಂತ ಹೆಚ್ಚಿನ ಪೌರತ್ವವಾವುದು? 1964ನೆಯ ಇಸವಿಯ ಜೂನ್ 29ರಂದು, ಎಂಬತ್ತನಾಲ್ಕು ವರ್ಷ ತುಂಬಲು ಮೂರು ದಿನವಿರುವಾಗ, ಅವರು ಲಿಂಗೈಕ್ಯರಾದರು. ಇಂದು ಅವರ ಜನ್ಮದಿನವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ನಾಡು ಆಚರಿಸುತ್ತದೆ.

ಉದ್ಯೋಗಕ್ಕಾಗಿ ಊರನ್ನು ಬಿಡುವ ಗೃಹಸ್ಥರು ಇಂದು ಅಂದಿಗಿಂತಲೂ ಹೆಚ್ಚು. ಅವರು ಹೊಸ ಊರಿನಲ್ಲಿ ಮೊದಲು ಮನೆಯನ್ನು ಹುಡುಕುವುದು ಸಹಜ. ಆದರೆ ಅಷ್ಟಕ್ಕೇ ನಿಲ್ಲದೆ, ಆ ಊರಿನವರು ಯಾವ ಕೆರೆಯ ನೀರನ್ನು ಕುಡಿಯುವರು, ಅವರ ಮಕ್ಕಳು ಎಲ್ಲಿ ಓದುವರು, ಹಿರಿಯರು ಯಾವುದನ್ನು ಜಗುಲಿಯ ಮೇಲಿಟ್ಟು ಪೂಜಿಸುವರು ಎಂಬುದನ್ನು ಅರಿಯಬೇಕು. ಅರಿತು ತನ್ನ ಕಾಯಕದ ಒಂದು ಪಾಲನ್ನು ಅಲ್ಲಿಯೇ ದಾಸೋಹವಾಗಿ ಸಲ್ಲಿಸಬೇಕು. ಹೀಗೆ ನಡೆದವನಿಗೆ ಪರಸ್ಥಳವೆಂಬುದಿಲ್ಲ. ಶರಣಜೀವಿ ಹಳಕಟ್ಟಿಯವರ ಬಾಳು ಇದಕ್ಕೆ ಸಾಕ್ಷಿಯಾಗಿದೆ. ಅವರ ನೆನಹು ಭಕ್ತಜನರ ನಡೆಯಲ್ಲಿ ನೆಲೆಗೊಳ್ಳಲಿ.